ದೇವೀರಮ್ಮನ ಬಾತು, ನನ್ನ ಮೊದಲ ಸಾಲು

ನಲವತ್ತಮೂರು ಹುಡುಗಿಯರು ಆಸ್ಪತ್ರೆಯಲ್ಲಿ ಸಾಲಾಗಿ ಮಲಗಿದ್ದ ವಾರವೇ ನನಗೆ ವರ್ಷದ ಅತ್ಯುತ್ತಮ ಮೊದಲ ಸಾಲಿನ ಬಹುಮಾನ ಬಂತು. ಬಹುಮಾನವೆಂದರೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಪ್ರಾಂಶುಪಾಲರ ಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೋ. ಹಣ್ಣನ್ನಾದರೂ ಆಸ್ಪತ್ರೆಯ ಹುಡುಗಿಯರಿಗೆ ಕೊಟ್ಟು ಬಾ ಎಂದು ಯಾರೋ ಹೇಳಿದರು. ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡೆ. ದ್ರಾಕ್ಷಿಯನ್ನು ಮಾತ್ರ ಇಟ್ಟುಕೊಂಡೆ.

ನಮ್ಮೂರಿನಲ್ಲಿ ಅಚ್ಚಾದ ಯಾವ ಬರಹದಲ್ಲೂ ಮೊದಲ ವಾಕ್ಯವಷ್ಟೇ ಉಳಿಯುತ್ತದೆ. ಮೊದಲ ಪೂರ್ಣವಿರಾಮದಿಂದಾಚೆ ಇರುವ ಅಕ್ಷರವೆಲ್ಲ ಹೊತ್ತು ಮುಳುಗುವುದರೊಳಗೆ ಮಾಸಿ, ಹಾಳೆ ಬೆಳ್ಳಗಾಗುತ್ತದೆ. ಹಾಗಿದ್ದರೆ ಪೂರ್ಣವಿರಾಮವನ್ನೇ ಇಡದಿದ್ದರಾಯಿತು ಎಂದು ಹಿಂದಿನವರು ಯೋಚಿಸದೆ ಇರಲಿಲ್ಲ. ಪುರಸಭೆಯವರು ಒಮ್ಮೆ ನಾಲ್ಕು ಪುಟಕ್ಕೆ ಒಂದೇ ವಾಕ್ಯ ಹೊಸೆದು ಅಚ್ಚು ಹಾಕಿಸಿದರಂತೆ. ಒಂದು ಉಸಿರಿಗೆ ಓದಿ ಮುಗಿಸುವಷ್ಟು ಉಳಿದು, ಮಿಕ್ಕ ಮೂರೂ ಮುಕ್ಕಾಲು ಪುಟ ಹೋಯಿತು. ಅವತ್ತಿನಿಂದ ಎಲ್ಲರಿಗೂ ಗೊತ್ತು: ಒಂದು ಪೂರ್ಣವಿರಾಮ ಅಥವಾ ಒಂದು ಉಸಿರು, ಯಾವುದು ಮೊದಲೋ ಅದು.

ಜನ ಹೊಂದಿಕೊಂಡಿದ್ದಾರೆ. ಮದುವೆಯ ಕರೆಯೋಲೆ 'ಭಾನುವಾರ ಹನ್ನೆರಡೂವರೆಗೆ ಊಟ' ಎಂದು ಶುರುವಾಗುತ್ತದೆ. ಯಾರ ಮದುವೆ ಎನ್ನುವುದು ಊಟಕ್ಕೆ ಹೋದಾಗ ತಿಳಿಯುತ್ತದೆ. ನ್ಯಾಯಾಲಯದವರು ಶಿಕ್ಷೆಯನ್ನು ಮೊದಲು ಬರೆದು ಕಾರಣವನ್ನು ಮಾಸಲು ಬಿಡುತ್ತಾರೆ. ಪ್ರತಿ ಅಧ್ಯಾಯದ ಮೊದಲ ವಾಕ್ಯವನ್ನು ಉರುಹೊಡೆದು ಎಂಜಿನಿಯರಾದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ಕಟ್ಟಿದ ಸೇತುವೆಯ ಮೇಲೆ ನಾವು ಓಡಾಡುತ್ತೇವೆ. ಕೈಯಲ್ಲಿ ಬರೆದದ್ದು ಮಾಸುವುದಿಲ್ಲ, ನಿಜ. ಆದರೆ ಕೈಬರಹವನ್ನು ಯಾರು ನಂಬುತ್ತಾರೆ? ನಮ್ಮವರಿಗೆ ಅಚ್ಚಾದದ್ದೇ ಸತ್ಯ. ಬೆಳಗ್ಗೆ ಪತ್ರಿಕೆ ಬಂದಾಗ ಎಲ್ಲ ಸಾಲೂ ಇರುತ್ತವಾದರೂ, ಸಂಜೆಗೆ ಇಲ್ಲವಾಗುವುದನ್ನು ಓದಿ ಕಣ್ಣು ಕೆಡಿಸಿಕೊಳ್ಳುವವರು ಇಲ್ಲ.

ಇಂಥ ಊರಿನ ಕಾಲೇಜಿನಲ್ಲಿ 'ಕರೆಗಂಟೆ' ಎಂಬ ಒಂದೇ ಹಾಳೆಯ, ಒಂದೇ ಸುದ್ದಿಯ ವಾರಪತ್ರಿಕೆಗೆ ನಾನು ವಿದ್ಯಾರ್ಥಿ ಸಂಪಾದಕಿ. ಶನಿವಾರ ಶನಿವಾರ ಬರುತ್ತಿತ್ತು. ಕಾಲೇಜಿನ ಪತ್ರಿಕೆ ಎಂದು ಮೂಗು ಮುರಿಯಬೇಡಿ, ಊರಿನಲ್ಲಿ ಬೇರೆ ಪತ್ರಿಕೆ ಇರಲಿಲ್ಲವಾದ್ದರಿಂದ ಕ್ಷೌರದಂಗಡಿಯಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಎಲ್ಲ ಕಡೆ ನಮ್ಮದೇ. ಪತ್ರಿಕೆಯ ಹೊಣೆ ಹೊತ್ತಿದ್ದವರು ಕನ್ನಡ ಹೇಳುವ ನರಹರಿ ಮೇಷ್ಟ್ರು. ಅವರಿಗೆ ಉಬ್ಬಸ. ಆದ್ದರಿಂದಲೇ ಅವರನ್ನು ನೇಮಿಸಿದ್ದರೆಂದು ಹೇಳುತ್ತಿದ್ದರು. ಬರೆದ ಮೊದಲ ಸಾಲನ್ನು ಅವರು ಎದ್ದು ನಿಂತು ಗಟ್ಟಿಯಾಗಿ ಓದುವರು. ಅವರ ಉಸಿರಿಗೆ ಹಿಡಿಸಿದ ವಾಕ್ಯ ಊರಿನಲ್ಲಿ ಯಾರ ಉಸಿರಿಗೂ ಹಿಡಿಸುತ್ತದೆ.

"ಮೊದಲ ವಾಕ್ಯದಲ್ಲಿ ಮನುಷ್ಯ ಕಾಣ್ಬೇಕು ಕಣಮ್ಮ, ಶಾಮಿಯಾನ ಅಲ್ಲ" ಎನ್ನುವುದು ಅವರು ನನಗೆ ಹೇಳಿಕೊಟ್ಟ ಮೊದಲ ಪಾಠ. ಜರುಗಿತು, ನೆರವೇರಿತು, ಸಂಪನ್ನಗೊಂಡಿತು ಎಂಬ ಮೂರು ಪದ ಬರೆದವರಿಗೆ ಅವರು ಚಹಾ ತರಲು ಕಳಿಸುತ್ತಿದ್ದರು. ನಾನು ಬರುವ ಮುಂಚೆ ನಮ್ಮ ಪತ್ರಿಕೆಯಲ್ಲಿ ಎಲ್ಲವೂ ಪ್ರಾಂಶುಪಾಲ ಡಾ. ಪರಶಿವಯ್ಯನವರ ಅಧ್ಯಕ್ಷತೆಯಲ್ಲಿ ಜರುಗುತ್ತಿತ್ತು. ಡಾಕ್ಟರೇಟಿನ ಚುಕ್ಕಿ ಪೂರ್ಣವಿರಾಮದ ಲೆಕ್ಕಕ್ಕೆ ಬರುವುದಿಲ್ಲ. ಅವರ ಹೆಸರು, ಪದವಿ, ಅತಿಥಿಗಳ ಹೆಸರು, ಅವರ ಪದವಿ ಹೇಳುವಷ್ಟರಲ್ಲಿ ಉಸಿರು ಮುಗಿದು, ಸಂಜೆಗೆ ಊರಿನವರಿಗೆ ಇಷ್ಟು ಜನ ಸೇರಿದ್ದು ತಿಳಿಯುತ್ತಿತ್ತೇ ಹೊರತು ಸೇರಿ ಏನು ಮಾಡಿದರೆಂದು ತಿಳಿಯುತ್ತಿರಲಿಲ್ಲ. ಹಾಗೆ ನೋಡಿದರೆ ಅದೇ ಹೆಚ್ಚು ನಿಖರವಾದ ವರದಿಯಿದ್ದೀತು.

ನಾನು ಬಂದು ಅದನ್ನು ಬದಲಿಸಿದೆ. 'ಹೋದ ವರ್ಷ ಸಸಿ ನೆಟ್ಟ ಗುಂಡಿಗಳಲ್ಲೇ ಈ ವರ್ಷವೂ ಸಸಿ ನೆಡಲಾಯಿತು' ಎಂದು ಬರೆದೆ. 'ಗ್ರಂಥಾಲಯದ ಹೊಸ ಬೀರುವಿನ ಬೀಗದ ಕೈ ಬೀರುವಿನೊಳಗೇ ಇದೆ' ಎಂದು ಬರೆದೆ. ಜನ ಕ್ಷೌರದಂಗಡಿಯಲ್ಲಿ ನನ್ನ ಸಾಲುಗಳನ್ನು ಹೇಳಿಕೊಂಡು ನಗುತ್ತಿದ್ದರು. ರಸ್ತೆಯಲ್ಲಿ ಹೋಗುತ್ತಿದ್ದರೆ "ಅಗೋ, ಚಂಪಕಾ, ಮೊದಲ ಸಾಲಿನ ಹುಡುಗಿ" ಎಂದು ತೋರಿಸುತ್ತಿದ್ದರು. ಇಪ್ಪತ್ತನೆಯ ವಯಸ್ಸಿನಲ್ಲಿ ಇಷ್ಟು ಸಾಕು, ತಲೆ ತಿರುಗಲು ಬೇರೆ ಕಾಯಿಲೆ ಬೇಕಿಲ್ಲ.

ಅದೊಂದು ಗುರುವಾರ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಬಿಸಿಬೇಳೆ ಬಾತು. ಮಾಡಿದವರು ದೇವೀರಮ್ಮ, ಹಾಸ್ಟೆಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದವರು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ನನಗೆ ಆವತ್ತು ನೆಗಡಿ. "ತಣ್ಣೀರು ಮುಟ್ಟಿದ್ರೆ ನೋಡು" ಎಂದು ಗದರಿಸಿ, ಜೀರಿಗೆ ಹಾಕಿ ಕುದಿಸಿದ ನೀರನ್ನು ಚೊಂಬಿನಲ್ಲಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು. ನಾನು ಎರಡು ಸಲ ಬಾತು ಹಾಕಿಸಿಕೊಂಡು ತಿಂದೆ. ಬೆಳಗಾಗುವಷ್ಟರಲ್ಲಿ ನಲವತ್ತಮೂರು ಹುಡುಗಿಯರಿಗೆ ವಾಂತಿ, ಭೇದಿ. ಕಾಲೇಜಿನ ಬಸ್ಸಿನಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋದರು. ನಾನು ಗಟ್ಟಿಮುಟ್ಟಾಗಿ, ನೋಟ್‌ಬುಕ್ ಹಿಡಿದು, ಹಿಂದೆಯೇ ಹೋದೆ.

ಆಸ್ಪತ್ರೆಯ ಡಾಕ್ಟರು ಕೈ ತೊಳೆಯುತ್ತಾ ಹೇಳಿದರು: "ಊಟದ್ದಲ್ಲ ಅನ್ಸುತ್ತಮ್ಮ. ನೀರಿಂದು. ನಿಮ್ಮ ಹಾಸ್ಟೆಲ್ ತೊಟ್ಟಿ ಯಾವಾಗ ತೊಳೆಸಿದ್ದು?"

ಯಾವಾಗ ತೊಳೆಸಿದ್ದೆಂದು ವಾರ್ಡನ್ನರನ್ನು ಕೇಳಿದೆ. ಅವರು ಆಕಾಶ ನೋಡಿದರು. ಮೂರು ವರ್ಷವಾಗಿದೆ ಎಂದು ಕಾವಲುಗಾರ ಹೇಳಿದ.

ಇಷ್ಟೂ ನನಗೆ ಶುಕ್ರವಾರ ಮಧ್ಯಾಹ್ನದೊಳಗೆ ಗೊತ್ತಿತ್ತು. ನರಹರಿ ಮೇಷ್ಟ್ರು ಮಗಳ ಬಾಣಂತನಕ್ಕೆಂದು ರಜೆ ಹಾಕಿ ಹೋಗಿದ್ದರು. ಪತ್ರಿಕೆಯ ಕೋಣೆಯಲ್ಲಿ ನಾನೊಬ್ಬಳೇ ಕುಳಿತೆ. 'ಹಾಸ್ಟೆಲಿನ ನಲವತ್ತಮೂರು ವಿದ್ಯಾರ್ಥಿನಿಯರು ಕಲುಷಿತ ನೀರಿನ ಶಂಕೆಯಿಂದ ಅಸ್ವಸ್ಥರಾದರು' ಎಂದು ಮೊದಲು ಬರೆದೆ. ಸಪ್ಪೆ. ಶಂಕೆ ಎನ್ನುವ ಪದ ಬಂದ ಕಡೆ ಸಾಲು ಕುಂಟುತ್ತದೆ. ಮನುಷ್ಯ ಕಾಣುತ್ತಿಲ್ಲ, ತೊಟ್ಟಿಯೂ ಕಾಣುತ್ತಿಲ್ಲ. ಹೊಡೆದುಹಾಕಿದೆ. ಆರನೆಯ ಸಲಕ್ಕೆ ಸಾಲು ತಾನೇ ಬಂದು ಕುಳಿತಿತು: 'ದೇವೀರಮ್ಮನ ಬಿಸಿಬೇಳೆ ಬಾತು ತಿಂದ ನಲವತ್ತಮೂರು ಹುಡುಗಿಯರು ಊಟದ ತಟ್ಟೆ ಬಿಟ್ಟವರೇ ಆಸ್ಪತ್ರೆಯ ಹಾಸಿಗೆ ಹಿಡಿದರು.'

ಓದಿ ನೋಡಿದೆ. ತಟ್ಟೆ ಬಿಟ್ಟು ಹಾಸಿಗೆ ಹಿಡಿದದ್ದು ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ನನಗೇ ಮೈ ಜುಮ್ಮೆಂದಿತು. ಅಮ್ಮ ಎಂದು ಕರೆಯುತ್ತಿದ್ದವಳು 'ದೇವೀರಮ್ಮನವರ' ಎಂದಾದರೂ ಬರೆಯಬಹುದಿತ್ತು, ಆದರೆ ಎರಡಕ್ಷರ ಹೆಚ್ಚಾಗುತ್ತಿತ್ತು, ಓಟ ಕೆಡುತ್ತಿತ್ತು. ಎರಡನೆಯ ವಾಕ್ಯದಲ್ಲಿ ಡಾಕ್ಟರ ಮಾತನ್ನು ಬರೆದೆ. ಮೂರನೆಯದರಲ್ಲಿ ತೊಟ್ಟಿಯ ಮೂರು ವರ್ಷವನ್ನು ಬರೆದೆ. ನಾಲ್ಕನೆಯದರಲ್ಲಿ ಅಡುಗೆಯ ಮೇಲೆ ಅನುಮಾನವಿಲ್ಲವೆಂದು ಸ್ಪಷ್ಟಪಡಿಸಿದೆ. ಎರಡನೆಯ ವಾಕ್ಯದಿಂದ ಮುಂದಕ್ಕೆ ನನ್ನಷ್ಟು ಪ್ರಾಮಾಣಿಕಳು ಆ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಪ್ರಾಂಶುಪಾಲರ ಸಹಿ ಬೀಳಬೇಕು. ಪರಶಿವಯ್ಯನವರು ಸಾಮಾನ್ಯವಾಗಿ ಹಾಳೆಯ ಮೇಲೆ ತಮ್ಮ ಹೆಸರು ಸಿಗುವವರೆಗೆ ಓದಿ, ಸಿಕ್ಕ ಕೂಡಲೇ ಸಹಿ ಮಾಡುವವರು. ಆವತ್ತು ಅವರ ಹೆಸರಿರಲಿಲ್ಲವಾದ್ದರಿಂದ ವಾಕ್ಯ ಪೂರ್ತಿ ಓದಬೇಕಾಯಿತು. ಓದುತ್ತಾ ಓದುತ್ತಾ ಅವರ ಮುಖ ಅರಳಿತು.

"ಏನಮ್ಮಾ ಇದು! ಅದ್ಭುತ! ತಟ್ಟೆ, ಹಾಸಿಗೆ! ಇದರಲ್ಲಿ ಒಂದಕ್ಷರ ಮುಟ್ಟಬಾರದು" ಎಂದರು. ತೊಟ್ಟಿಯನ್ನು ನೋಡಿಕೊಳ್ಳುವ ಗುತ್ತಿಗೆ ಅವರ ಭಾವಮೈದುನನದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವರಿಗೆ ಸಾಹಿತ್ಯದ ರುಚಿ ಹತ್ತಿತೆಂದೇ ನಂಬಿಕೊಂಡು ಹೊರಗೆ ಬಂದೆ.

ಶನಿವಾರ ಸಂಜೆ ಹೊತ್ತಿಗೆ ಊರಿನಲ್ಲೆಲ್ಲ ಒಂದೇ ಸಾಲು ಉಳಿಯಿತು. ಸೋಮವಾರ ದೇವೀರಮ್ಮನನ್ನು ಕೆಲಸದಿಂದ ತೆಗೆದರು. ಬುಧವಾರ ನನಗೆ ಶಾಲು ಹೊದಿಸಿದರು.

ದ್ರಾಕ್ಷಿ ಕಳೆದು ಉಳಿದ ಬುಟ್ಟಿಯನ್ನು ಹಿಡಿದು ನಾನು ಆಸ್ಪತ್ರೆಗೆ ಹೋದಾಗ ಬಹಳಷ್ಟು ಹುಡುಗಿಯರು ಮನೆಗೆ ಹೋಗಿದ್ದರು. ಎಲ್ಲರಿಗಿಂತ ಹೆಚ್ಚು ನಲುಗಿದ್ದವಳು ಭಾಗೀರಥಿ ಎಂಬ ಮೊದಲ ವರ್ಷದ ಹುಡುಗಿ. ಕೈಗೆ ಸೂಜಿ ಚುಚ್ಚಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನನ್ನ ಧ್ವನಿ ಕೇಳಿ ಹೊರಳಿದಳು.

"ಅಕ್ಕಾ, ಅಮ್ಮನ್ನ ಬಿಡಿಸ್ಬಿಟ್ರಂತೆ, ಹೌದಾ?"

"ಹೂಂ."

"ಯಾಕೆ?"

"ಊಟದಿಂದ ಹೀಗಾಯ್ತು ಅಂತ..."

"ನಾನು ಊಟಾನೇ ಮಾಡಿರ್ಲಿಲ್ವಲ್ಲಕ್ಕಾ. ಗುರುವಾರ ನನ್ನದು ಉಪವಾಸ. ನಾಲ್ಕು ಬಾಳೆಹಣ್ಣು ತಿಂದೆ, ಎರಡು ಲೋಟ ನೀರು ಕುಡಿದೆ. ನನ್ನನ್ನೂ ಸೇರಿಸಿ ನಲವತ್ತಮೂರಾ?"

ಆ ನಲವತ್ತಮೂರರಲ್ಲಿ ಬಾತು ತಿಂದವರೆಷ್ಟು ಎಂದು ನಾನು ಎಣಿಸಿರಲಿಲ್ಲ. ನಲವತ್ತಮೂರು ಎನ್ನುವುದು ಬಾಯಿಗೆ ಚೆನ್ನಾಗಿ ಬರುತ್ತಿತ್ತು, ಬರೆದಿದ್ದೆ. ಪಕ್ಕದ ಹಾಸಿಗೆಯ ಹುಡುಗಿಯ ತಾಯಿ ಸೇಬು ಹೆಚ್ಚುತ್ತಾ, "ಅಡುಗೆಯವಳದ್ದೇ ತಪ್ಪು ಬಿಡಮ್ಮ, ಪೇಪರಿನಲ್ಲೇ ಬಂದಿದೆ" ಎಂದರು. ನನ್ನ ಬುಟ್ಟಿಯ ಸೇಬು. ಅದನ್ನು ಬರೆದವಳು ನಾನೇ ಎಂದು ಹೇಳಿಕೊಳ್ಳಲು ಆವತ್ತು ಮೊದಲ ಬಾರಿಗೆ ನಾಲಿಗೆ ಏಳಲಿಲ್ಲ.

ಮಾರನೆಯ ದಿನ ದೇವೀರಮ್ಮನ ಮನೆ ಹುಡುಕಿಕೊಂಡು ಹೋದೆ. ಹಿಟ್ಟಿನ ಗಿರಣಿಯ ಹಿಂದಿನ ಬೀದಿ. ಅಂಗಳದಲ್ಲಿ ಕುಳಿತು ಮೊರದಲ್ಲಿ ರಾಗಿ ಕೇರುತ್ತಿದ್ದರು. ನನ್ನನ್ನು ನೋಡಿ ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಗೋಡೆಯ ಮೊಳೆಗೆ ನಮ್ಮ ಪತ್ರಿಕೆ ಸಿಕ್ಕಿಸಿತ್ತು. ಬಿಳಿಯ ಹಾಳೆ, ನೆತ್ತಿಯ ಮೇಲೊಂದು ಸಾಲು.

"ಅಮ್ಮಾ, ಕೆಳಗಡೆ ನಾನು ಎಲ್ಲಾ ಬರೆದಿದ್ದೆ. ನೀರಿನಿಂದ ಆಗಿದ್ದು ಅಂತ, ನಿಮ್ಮ ತಪ್ಪಿಲ್ಲ ಅಂತ..."

"ಕೆಳಗಡೆ ಬರೆದಿದ್ದು ಉಳಿಯಕ್ಕಿಲ್ಲ ಅನ್ನೋದು ನಿಂಗೆ ತಿಳೀದೇನವ್ವ? ಹತ್ತೊಂಬತ್ತು ವರ್ಷದಿಂದ ನಾನೇ ನೋಡ್ತಿವ್ನಿ. ಊರ್ಗೆಲ್ಲ ತಿಳಿದದೆ."

ಅವರು ಮೊರದ ಹೊಟ್ಟನ್ನು ಅಂಗಳಕ್ಕೆ ಊದಿದರು.

"ನೀ ಬರೆದಿದ್ರಲ್ಲಿ ಸುಳ್ಳೇನೂ ಇಲ್ಲ ಬುಡು" ಎಂದರು ರಾಗಿಯಿಂದ ಕಣ್ಣೆತ್ತದೆ. "ಬಾತ್ ಮಾಡಿದ್ದೂ ನಾನೇ. ತಿಂದಿದ್ದೂ ದಿಟ. ಮಲಗಿದ್ದೂ ದಿಟ. ಮಧ್ಯದಾಗೆ ಒಂದ್ ಲೋಟ ನೀರು ಕುಡಿದ್ರಲ್ಲ, ಅದೆಲ್ಲೋಯ್ತು? ಅದೊಂದ್ ಎತ್ಬುಟ್ಟು ಉಳಿದಿದ್ನೆಲ್ಲ ದಿಟವಾಗೇ ಬರೆದಿದ್ದೀಯ. ಜಾಣೆ ನೀನು."

ಕಪಾಳಕ್ಕೆ ಬಾರಿಸಿದ್ದರೆ ಹಗುರವಾಗುತ್ತಿತ್ತು. "ಹೋದ್ ವಾರ ನಮ್ಮ ಬೀದಿ ಸೀಮಂತಕ್ಕೆ ಅಡುಗೆಗೆ ಹೇಳಿದ್ರು" ಎಂದು ಮುಂದುವರಿಸಿದರು. "ನಿನ್ನೆ ಬಂದು ಬ್ಯಾಡ ಅಂದೋದ್ರು. ಪಕ್ಕದ ಮನೆ ಕೂಸಿಗೆ ಒಂದ್ ತುಂಡು ಬೆಲ್ಲ ಕೊಟ್ರೆ ಅದರವ್ವ ಬಾಯಿಂದ ತೆಗೆಸಿದ್ಲು. ಈಗೇನ್ ಬರೀತೀಯ ಇದ್ಕೆ? ಬರಿ."

ಬರೆದೆ. ಮೊದಲು ಕೈಯಲ್ಲೇ ಬರೆದು ಹಾಸ್ಟೆಲಿನ ಫಲಕಕ್ಕೆ ಅಂಟಿಸಿದೆ. ಯಾರೋ ಹೊಟ್ಟೆಕಿಚ್ಚಿಗೆ ಬರೆದದ್ದೆಂದು ಹುಡುಗಿಯರು ನಕ್ಕರು, ಸಂಜೆಗೆ ಅದರ ಮೇಲೆ ಇಸ್ತ್ರಿಯವನ ಚೀಟಿ ಬಿತ್ತು. ಆಮೇಲೆ ಆ ವಾರದ 'ಕರೆಗಂಟೆ'ಗೆ ತಿದ್ದುಪಡಿ ಹಾಕಿದೆ. ತಿದ್ದುಪಡಿಗೆ ನಮ್ಮಲ್ಲಿ ಒಂದು ಗೊತ್ತಾದ ಒಕ್ಕಣೆ ಇದೆ, ಅದನ್ನು ಬದಲಿಸುವಂತಿಲ್ಲ: 'ಹಿಂದಿನ ಸಂಚಿಕೆಯೊಂದರ ಸುದ್ದಿಯಲ್ಲಿ ಕಣ್ತಪ್ಪಿನಿಂದ ಉಂಟಾದ ದೋಷಕ್ಕೆ ವಿಷಾದಿಸುತ್ತೇವೆ.' ಯಾವ ಸುದ್ದಿ, ಏನು ದೋಷ ಎನ್ನುವುದು ಮುಂದಿನ ವಾಕ್ಯದಲ್ಲಿ ಬರುತ್ತದೆ, ಬಂದು ಹೋಗುತ್ತದೆ. ಸಂಜೆಗೆ ಊರಿನವರ ಕೈಯಲ್ಲಿ ಒಂದು ಪತ್ರಿಕೆ ಉಳಿಯಿತು, ಅದಕ್ಕೆ ಏನೋ ವಿಷಾದ. ಸಸಿ ನೆಟ್ಟ ಸುದ್ದಿಯೇ ತಪ್ಪಿರಬೇಕೆಂದು ಕ್ಷೌರದಂಗಡಿಯಲ್ಲಿ ತೀರ್ಮಾನವಾಯಿತಂತೆ. ನಮ್ಮ ಊರಿನಲ್ಲಿ ಪಶ್ಚಾತ್ತಾಪಕ್ಕೆ ಏನೂ ಕಮ್ಮಿಯಿಲ್ಲ, ಯಾತಕ್ಕೆಂದು ಮಾತ್ರ ಕೇಳಬಾರದು.

ನರಹರಿ ಮೇಷ್ಟ್ರು ರಜೆ ಮುಗಿಸಿ ಬಂದರು. ಮಗಳಿಗೆ ಗಂಡುಮಗು ಎಂದು ಪೇಡ ಕೊಟ್ಟರು. ಆಮೇಲೆ ಆ ಸಂಚಿಕೆ ತೆಗೆದು ನನ್ನ ಸಾಲನ್ನು ಎದ್ದು ನಿಂತು ಓದಿದರು. ಒಂದು ಉಸಿರಿಗೆ ಓದಿಸಿಕೊಂಡಿತು, ಇನ್ನೂ ಉಸಿರು ಮಿಕ್ಕಿತು.

"ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಒಳ್ಳೆಯ ಸಾಲು ನನ್ನ ಕೈಯಲ್ಲಿ ಬಂದಿಲ್ಲ" ಎಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಬೆನ್ನು ತಟ್ಟಲೋ, ಕಿವಿ ಹಿಂಡಲೋ ತಿಳೀತಿಲ್ಲಮ್ಮ. ನಾನು ಹೇಳಿಕೊಟ್ಟಿದ್ದನ್ನೆಲ್ಲ ಕಲಿತಿದ್ದೀಯ. ಹೇಳಿಕೊಡದೆ ಬಿಟ್ಟಿದ್ದು ಏನೋ ಇತ್ತು ಅನ್ಸುತ್ತೆ."

"ಸರ್, ಇನ್ನೊಂದು ಮೊದಲ ಸಾಲು ಬರೀಬೇಕು."

"ಬರಿ. ಸಹಿ ಯಾರು ಹಾಕ್ತಾರೆ?"

ತೊಡಕು ಅಲ್ಲೇ ಇತ್ತು. ತೊಟ್ಟಿ ಎಂಬ ಪದ ಕಂಡರೆ ಪರಶಿವಯ್ಯನವರು ಹಾಳೆ ಹರಿದು ಬುಟ್ಟಿಗೆ ಹಾಕುವವರು. ಆದರೆ ಅವರ ಹೆಸರು ಸಿಗುವವರೆಗೆ ಮಾತ್ರ ಓದುತ್ತಾರೆಂಬುದು ನನಗೂ ಗೊತ್ತು, ಮೇಷ್ಟ್ರಿಗೂ ಗೊತ್ತು. ನಮ್ಮ ನುಡಿಗೆ ಒಂದು ಗುಣವಿದೆ: ಯಾರ ಹೆಸರನ್ನು ಬೇಕಾದರೂ ಮೊದಲು ಕೂರಿಸಿ, ಮಾಡಿದ್ದೇನೆಂಬುದನ್ನು ಕೊನೆಗೆ ಹೇಳಬಹುದು. ಹಾರ ಹಾಕಿಸಿಕೊಳ್ಳಲು ಮುಂದೆ ಬಗ್ಗಿದವನಿಗೆ ಹಿಂದೆ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ.

ಹೆಸರು ಮುಂದೆ ಇಡುವುದು ಸುಲಭ. ಉಸಿರಿನೊಳಗೆ ಹಿಡಿಸುವುದು ಕಷ್ಟ. 'ಪ್ರಾಂಶುಪಾಲ ಡಾ. ಪರಶಿವಯ್ಯನವರ' ಎನ್ನುವುದರಲ್ಲೇ ಕಾಲುಭಾಗ ಗಾಳಿ ಖರ್ಚು. ಡಾಕ್ಟರೇಟು ಕಿತ್ತುಹಾಕಿದರೆ ಸಹಿ ಬೀಳುವುದಿಲ್ಲ. ಎರಡು ದಿನ ಬರೆದೆ, ಹೊಡೆದೆ. 'ವಿದ್ಯಾರ್ಥಿನಿಯರು' ಹೋಗಿ 'ಹುಡುಗಿಯರು' ಬಂದರು. 'ಕಲುಷಿತ' ಹೋಯಿತು, 'ತೊಳೆಯದ' ಬಂತು. ಯಾರು ಬರೆದದ್ದು ಎನ್ನುವುದನ್ನು ಮೊದಮೊದಲು ನಾನು ಬಿಟ್ಟೇ ಇದ್ದೆ. 'ತಪ್ಪಾಗಿ ವರದಿಯಾಗಿತ್ತು' ಎಂದಿತ್ತು. ವರದಿ ತಾನೇ ಮರದಲ್ಲಿ ಹಣ್ಣಾಗಿ ಬಿದ್ದ ಹಾಗೆ.

ಮೇಷ್ಟ್ರು ಅಲ್ಲಿ ಬೆರಳಿಟ್ಟರು. "ಇದ್ಯಾರು ವರದಿ ಮಾಡಿದ್ದು? ಗಾಳೀನಾ?"

"ನಾನು ಅಂತ ಹಾಕಿದ್ರೆ ಉದ್ದ ಆಗುತ್ತೆ ಸರ್."

"ಎರಡಕ್ಷರ" ಎಂದರು ಮೇಷ್ಟ್ರು.

ಮೂರನೆಯ ದಿನದ ಸಾಲು ಇದು: 'ಪ್ರಾಂಶುಪಾಲ ಡಾ. ಪರಶಿವಯ್ಯನವರ ಆಡಳಿತದಲ್ಲಿ ಮೂರು ವರ್ಷ ತೊಳೆಯದ ತೊಟ್ಟಿಯ ನೀರು ಕುಡಿದು ಹುಡುಗಿಯರು ಮಲಗಿದ್ದನ್ನು ತಿಳಿದೂ ತಿಳಿದೂ ದೇವೀರಮ್ಮನವರ ಅಡುಗೆಯ ಮೇಲೆ ಹೊರಿಸಿ ಬರೆದವಳು ನಾನು, ಚಂಪಕಾ.'

ಮೇಷ್ಟ್ರು ಎದ್ದು ನಿಂತರು. ಮೇಜಿನ ಅಂಚು ಹಿಡಿದು ಉಸಿರೆಳೆದುಕೊಂಡರು. ಆವತ್ತು ಮೋಡ ಕವಿದಿತ್ತು, ಅವರ ಎದೆ ಬೆಳಗಿನಿಂದಲೂ ಸೊಂಯ್ ಎನ್ನುತ್ತಿತ್ತು. ತೊಟ್ಟಿಯವರೆಗೆ ಸಲೀಸಾಗಿ ಹೋದರು. ಹುಡುಗಿಯರು ಮಲಗುವಷ್ಟರಲ್ಲಿ ಧ್ವನಿ ಸಣ್ಣಗಾಯಿತು. ದೇವೀರಮ್ಮನ ಬಳಿ ಮುಖ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು. ಸಾಕು ಸರ್, 'ನವರ' ತೆಗೆದುಬಿಡೋಣ ಎನ್ನಲು ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು ನನ್ನನ್ನು ತಡೆದರು. "ಬರೆದವಳು ನಾನು" ಎಂದು ಪಿಸುದನಿಯಲ್ಲಿ ಬಂತು. ಒಂದು ಕ್ಷಣ ನಿಂತಿತು. ಆಮೇಲೆ ಎಲ್ಲಿ ಉಳಿದಿತ್ತೋ ಆ ಚೂರು ಗಾಳಿಯಲ್ಲಿ "ಚಂಪಕಾ" ಎಂದು ಮುಗಿಸಿ, ಕುರ್ಚಿಯ ಮೇಲೆ ಧೊಪ್ಪನೆ ಕುಸಿದು, ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸಿದರು. ನಾನು ನೀರು ಕೊಟ್ಟೆ.

"ಹಿಡಿಸ್ತು" ಎಂದರು ಸುಧಾರಿಸಿಕೊಂಡು. "ಎಷ್ಟಾಯ್ತೋ ಅಷ್ಟೇ. ಇನ್ನೊಂದು ಸೊನ್ನೆ ಸೇರಿಸಬೇಡ."

ಪ್ರಾಂಶುಪಾಲರು ಫೋನಿನಲ್ಲಿ ಮಾತಾಡುತ್ತಾ ಹಾಳೆ ತೆಗೆದುಕೊಂಡರು. ಪ್ರಾಂಶುಪಾಲ, ಡಾಕ್ಟರು, ಪರಶಿವಯ್ಯನವರು, ಆಡಳಿತ. ಅಲ್ಲಿಗೆ ಮುಗುಳ್ನಕ್ಕು ಸಹಿ ಮಾಡಿದರು. "ಈಗ ದಾರಿಗೆ ಬಂದೆ ನೋಡಮ್ಮ" ಎಂದು ನನಗೆ ಆಶೀರ್ವಾದವನ್ನೂ ಮಾಡಿದರು.

ಶನಿವಾರ ಹನ್ನೊಂದು ಗಂಟೆಗೆ ಅವರಿಗೆ ತಿಳಿಯಿತು. ಓದಿ ತಿಳಿದದ್ದಲ್ಲ. ತಲೆಗೆ ಬಣ್ಣ ಹಾಕಿಸಲು ಕುಳಿತಿದ್ದಾಗ ಕ್ಷೌರದವನು ಗಟ್ಟಿಯಾಗಿ ಓದಿದನಂತೆ. ಅರ್ಧ ಕಪ್ಪು, ಅರ್ಧ ಬಿಳಿ ತಲೆಯಲ್ಲೇ ಕಾಲೇಜಿಗೆ ಬಂದು ನನ್ನನ್ನು ಕರೆಸಿದರು.

"ಏನಿದು?"

"ನಿಮ್ಮ ಹೆಸರಿನಿಂದಲೇ ಶುರು ಮಾಡಿದ್ದೀನಿ ಸರ್."

"ಕೊನೇಲಿ ಏನು ಬರೆದಿದ್ದೀಯ?"

"ನನ್ನ ಹೆಸರು ಸರ್."

ಪ್ರತಿಗಳನ್ನೆಲ್ಲ ವಾಪಸ್ಸು ತರಿಸಿ ಎಂದು ಕೂಗಾಡಿದರು. ಜವಾನರು ಊರೆಲ್ಲ ಸುತ್ತಿ ಒಂದಿಷ್ಟು ಹಾಳೆ ತಂದರು. ಸಾಲು ಆಗಲೇ ಬಾಯಿಗೆ ಹತ್ತಿತ್ತು, ಬಾಯಿಯನ್ನು ಯಾರು ಮೂಟೆ ಕಟ್ಟಿ ತರುತ್ತಾರೆ? ಶಿಸ್ತು ಸಮಿತಿ ಕುಳಿತು ನನ್ನನ್ನು ಸಂಪಾದಕತ್ವದಿಂದ ತೆಗೆಯಿತು, ಒಂದು ತಿಂಗಳು ತರಗತಿಗೆ ಬರಬಾರದೆಂದಿತು, ಬಹುಮಾನವನ್ನು ಹಿಂದಿರುಗಿಸಬೇಕೆಂದಿತು. ಶಾಲು ಕೊಟ್ಟೆ. ನನ್ನ ಅಪ್ಪ ಊರಿನಿಂದ ಬಂದು ಪ್ರಾಂಶುಪಾಲರ ಮುಂದೆ ಕೈಕಟ್ಟಿ ನಿಂತದ್ದನ್ನು ಮಾತ್ರ ಇಲ್ಲಿ ಬರೆಯಲಾರೆ.

ತೊಟ್ಟಿ ತೊಳೆದರು. ಒಳಗಿನಿಂದ ಹನ್ನೊಂದು ಕ್ರಿಕೆಟ್ ಚೆಂಡು, ಒಂದು ಒಂಟಿ ಚಪ್ಪಲಿ, ಒಂದು ಕಾಲದಲ್ಲಿ ಪಾರಿವಾಳವಾಗಿದ್ದ ಏನೋ ಒಂದು ಹೊರಬಂತು. ಮುಂದಿನ ವಾರದ 'ಕರೆಗಂಟೆ'ಯಲ್ಲಿ ಹೊಸ ಸಂಪಾದಕನ ಮೊದಲ ಸಾಲು ಹೀಗಿತ್ತು: 'ಪ್ರಾಂಶುಪಾಲ ಡಾ. ಪರಶಿವಯ್ಯನವರ ಅಧ್ಯಕ್ಷತೆಯಲ್ಲಿ ಶುದ್ಧ ನೀರಿನ ತೊಟ್ಟಿಯ ಲೋಕಾರ್ಪಣೆ ನೆರವೇರಿತು.' ತೊಟ್ಟಿ ಅದೇ, ರಿಬ್ಬನ್ನು ಹೊಸದು. ಆ ಪತ್ರಿಕೆಯನ್ನೂ ಜನ ನಂಬಿದರು. ಅಚ್ಚಾಗಿತ್ತಲ್ಲ.

ದೇವೀರಮ್ಮ ಇಲ್ಲದ ದಿನಗಳಲ್ಲಿ ಹಾಸ್ಟೆಲಿಗೆ ಇಬ್ಬರು ಅಡುಗೆಯವರು ಬಂದು ಹೋಗಿದ್ದರು. ಒಬ್ಬನ ಅನ್ನ ಗಂಜಿಯಾಗುತ್ತಿತ್ತು, ಇನ್ನೊಬ್ಬನ ಗಂಜಿ ಅನ್ನವಾಗುತ್ತಿತ್ತು. ಕೊನೆಗೆ ವಾರ್ಡನ್ನರೇ ಹೋಗಿ ದೇವೀರಮ್ಮನನ್ನು ಕರೆದರು. ಅವರು ಎರಡು ದಿನ ಸತಾಯಿಸಿ ಒಪ್ಪಿದರು. ಬರುವ ದಿನ ತಾವೇ ಹೇಳಿದರು, ಮಧ್ಯಾಹ್ನಕ್ಕೆ ಬಿಸಿಬೇಳೆ ಬಾತು.

ನನಗೆ ತರಗತಿಗೆ ಹೋಗುವ ಹಾಗಿರಲಿಲ್ಲವೇ ಹೊರತು ಊಟಕ್ಕೆ ತಡೆಯಿರಲಿಲ್ಲ. ಹೋದೆ. ನೂರಿಪ್ಪತ್ತು ಹುಡುಗಿಯರು ಉದ್ದನೆಯ ಬೆಂಚುಗಳಲ್ಲಿ ಕುಳಿತಿದ್ದರು. ದೇವೀರಮ್ಮ ಸೆರಗು ಸಿಕ್ಕಿಸಿ ಸೌಟು ಹಿಡಿದು ಬಡಿಸುತ್ತಾ ಬಂದರು. ತುಪ್ಪದ ಘಮ ಕೋಣೆ ತುಂಬ. ಎಲ್ಲರ ತಟ್ಟೆಗೂ ಬಿತ್ತು. ಯಾರೂ ಕೈ ಹಚ್ಚಲಿಲ್ಲ.

ಎಲ್ಲರೂ ನನ್ನ ಎರಡನೆಯ ಸಾಲನ್ನು, ಅಂದರೆ ಎರಡನೆಯ ಮೊದಲ ಸಾಲನ್ನು, ಓದಿದ್ದವರೇ. ನೀರಿನಿಂದ ಆದದ್ದೆಂದು ಬಾಯಿಪಾಠ ಹೇಳುತ್ತಿದ್ದವರೇ. ಆದರೂ ಕೈಗಳು ಮಡಿಲಲ್ಲೇ ಇದ್ದವು. ಒಬ್ಬಳು ತಟ್ಟೆಯನ್ನು ಬೆರಳಿನಿಂದ ಒಂದಿಂಚು ಹಿಂದೆ ಸರಿಸಿದಳು. ಎಷ್ಟು ಸಣ್ಣ ಸದ್ದು ಅದು, ಸ್ಟೀಲು ಕಲ್ಲಿನ ಮೇಜಿನ ಮೇಲೆ ಜಾರುವುದು. ಅಷ್ಟು ದೊಡ್ಡ ಕೋಣೆಗೆಲ್ಲ ಕೇಳಿಸಿತು. ದೇವೀರಮ್ಮ ಸೌಟು ಹಿಡಿದ ಕೈಯನ್ನು ಇಳಿಸದೆ ನಡುವೆ ನಿಂತುಬಿಟ್ಟರು.

ನಾನು ದೊಡ್ಡ ತುತ್ತು ಮಾಡಿ ಬಾಯಿಗಿಟ್ಟುಕೊಂಡೆ. ಎಲ್ಲರಿಗೂ ಕಾಣಲಿ ಎಂದು ಅಗಿದೆ. "ಚೆನ್ನಾಗಿದೆ" ಎಂದು ಗಟ್ಟಿಯಾಗಿ ಹೇಳಿದೆ.

"ನೀನು ಆವತ್ತೂ ತಿಂದಿದ್ದೆ, ನಿಂಗೇನೂ ಆಗ್ಲಿಲ್ಲ" ಎಂದಳು ಎದುರಿನವಳು. "ನಿನ್ನ ನೋಡಿ ಯಾರು ತಿಂತಾರೆ?"

ಸರಿಯೇ. ನನ್ನ ಸಾಲಿನಲ್ಲಿ ಎಷ್ಟು ಬಲವಿತ್ತೆಂದು ಆಗ ತಿಳಿಯಿತು. ಒಂದು ವಾರದಲ್ಲಿ ಕಟ್ಟಿದ್ದನ್ನು ಅದರಷ್ಟೇ ಗಟ್ಟಿಯಾದ ಇನ್ನೊಂದು ಸಾಲು ಕೆಡವಲಾರದಷ್ಟು ಬಲ. ದೇವೀರಮ್ಮ ತಿರುಗಿ ಅಡುಗೆಮನೆ ಕಡೆ ಎರಡು ಹೆಜ್ಜೆ ಇಟ್ಟರು.

"ಅಮ್ಮಾ!"

ಬಾಗಿಲ ಬಳಿ ಭಾಗೀರಥಿ. ಹಿಂದಿನ ದಿನವಷ್ಟೇ ಮನೆಯಿಂದ ಬಂದಿದ್ದಳು. ಲಂಗದ ನಡುವಿಗೆ ಪಿನ್ನು ಹಾಕಿಕೊಳ್ಳುವಷ್ಟು ಸೊರಗಿದ್ದಳು. ಖಾಲಿ ತಟ್ಟೆ ಹಿಡಿದು ಸೀದಾ ದೇವೀರಮ್ಮನ ಮುಂದೆ ನಿಂತಳು.

"ಆಸ್ಪತ್ರೆ ಗಂಜಿ ಕುಡಿದು ನಾಲಿಗೆ ಸತ್ತೋಗಿದೆ. ಹಾಕಿ ಬೇಗ."

ದೇವೀರಮ್ಮ ಅವಳ ಮುಖ ನೋಡಿದರು. "ಕೂತ್ಕೋ ಮಗ. ನಿಂತ್ಕೊಂಡು ತಿನ್ನಬಾರ್ದು."

"ಹಾಕಿ ಅಂದ್ರೆ."

ಹಾಕಿದರು. ಭಾಗೀರಥಿ ನಿಂತೇ ತಿಂದಳು. ಬಿಸಿಗೆ ಉಫ್ ಉಫ್ ಎಂದು ಊದಿಕೊಂಡು, ಮೂಗು ಸೊರಗುಟ್ಟಿಸಿಕೊಂಡು, ಸುತ್ತಲೂ ಯಾರಿದ್ದಾರೆಂಬ ಪರಿವೆಯಿಲ್ಲದೆ. ತಟ್ಟೆ ಬಳಿದು, "ಖಾರ ಕಮ್ಮಿ" ಎಂದಳು. "ಇನ್ನೊಂದು ಸೌಟು."

ಯಾರೋ ಕಿಸಕ್ಕನೆ ನಕ್ಕರು. ಎದುರಿನವಳು ತಟ್ಟೆಯನ್ನು ಮುಂದಕ್ಕೆಳೆದುಕೊಂಡಳು. ಆಮೇಲೆ ಒಂದೊಂದೇ ಕೈ. ಆಮೇಲೆ ಎಂದಿನ ಗದ್ದಲ, ತುಪ್ಪ ಯಾರಿಗೆ ಹೆಚ್ಚಾಯಿತು, ಹಪ್ಪಳ ಯಾರಿಗೆ ಬರಲಿಲ್ಲ. ಗೋಡೆಯ ಕಡೆ ಕುಳಿತಿದ್ದ ಮೂವರು ಮಾತ್ರ ಕೊನೆಯವರೆಗೂ ತಿನ್ನಲಿಲ್ಲ. ಅವರು ಇವತ್ತಿಗೂ ಮನೆಯಿಂದ ಡಬ್ಬಿ ತರಿಸುತ್ತಾರೆ.

ದೇವೀರಮ್ಮ ಬಡಿಸುತ್ತಲೇ ಇದ್ದರು. ಎರಡನೆಯ ಸುತ್ತಿನಲ್ಲಿ ನನ್ನ ಸಾಲಿಗೆ ಬಂದಾಗ ಪಕ್ಕದವಳಿಗೆ ಬಡಿಸಿದರು, ಆಚೆಯವಳಿಗೆ ಬಡಿಸಿದರು, ನನ್ನ ತಟ್ಟೆಯ ಮೇಲೆ ಸೌಟು ನಿಲ್ಲಲಿಲ್ಲ. ನಾನೂ ಕೇಳಲಿಲ್ಲ. ಎಲ್ಲರೂ ಎದ್ದ ಮೇಲೆ ತಟ್ಟೆ ತೊಳೆಯಲು ಹೋದೆ. ಅವರು ಕೊಪ್ಪರಿಗೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ತಳ ಹಿಡಿದ ಬಾತನ್ನು ಕೆರೆಯುತ್ತಿದ್ದರು. ಏನಾದರೂ ಹೇಳಬೇಕೆಂದು ನಿಂತೆ. ಎಷ್ಟೋ ವಾಕ್ಯಗಳು ಬಂದವು, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಒಂದನ್ನೂ ಆಡಲಿಲ್ಲ.

"ಏನ್ ನಿಂತಿದ್ದೀಯ ಕಂಬದಂಗೆ" ಎಂದರು ಅವರು, ಬೆನ್ನು ತಿರುಗಿಸಿಕೊಂಡೇ. "ನಾಳೆ ಕಾಳು ಸೋಸೋಕೆ ಜನ ಇಲ್ಲ. ಕಾಲೇಜು ಹೆಂಗೂ ಇಲ್ವಲ್ಲ ನಿಂಗೆ. ಹತ್ತು ಗಂಟೆಗೆ ಬಾ."

ನಾನು ಒಂಬತ್ತಕ್ಕೇ ಹೋದೆ.